ಪರಸಿಯ ಸಂದಿಯಲ್ಲಿ ಚಿನ್ನ ಹುಡುಕಿದ್ದು

ಭೂಗೋಳದ ಮಾಸ್ತರನ ಕಷ್ಟವೇ ಬೇರೆ. ಇತಿಹಾಸದವರು ತಪ್ಪು ಹೇಳಿದರೆ ಸತ್ತ ರಾಜರು ಎದ್ದು ಬಂದು ಜಗಳ ತೆಗೆಯುವುದಿಲ್ಲ. ನನ್ನ ವಿಷಯ ಕಾಲ ಕೆಳಗೇ ಬಿದ್ದಿರುತ್ತದೆ. ಹೆಂಡತಿಯೂ ಪರೀಕ್ಷಿಸಿ ನೋಡಬಹುದು.

ಮುಧೋಳದ ನಮ್ಮ ಮನೆ ಇರುವುದು ಎರೆಮಣ್ಣಿನ ಮೇಲೆ. ಅದು ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ. ಅದರ ತಾಳಕ್ಕೆ ಕುಣಿದು ಅಡುಗೆಮನೆಯ ನೆಲಕ್ಕೆ ಹಾಸಿದ ಪರಸಿ ಕಲ್ಲುಗಳಲ್ಲಿ ಒಂದು ಇನ್ನೊಂದರ ಕೆಳಗೆ ನುಸುಳಿದೆ. “ನೆಲ ಸರಿ ಮಾಡಾಕ ಗೌಂಡಿನ್ನ ಕರೀರಿ” ಎಂದು ನನ್ನ ಹೆಂಡತಿ ಶೋಭಾ ಹೇಳಿದಾಗಲೆಲ್ಲ ನಾನು, “ಇರ್ಲಿ ಬಿಡ, ಭೂಮಿ ಫಲಕಾನೂ ಹಿಂಗ ಅದಾವ” ಎಂದು ಪಾಠ ಶುರುಮಾಡುತ್ತಿದ್ದೆ. ಒಂದು ಫಲಕ ಇನ್ನೊಂದರ ಅಡಿಗೆ ಇಳಿಯುವಾಗ ಜತೆಗೆ ನೀರನ್ನೂ ಒಯ್ಯುತ್ತದೆ. ಆಳದಲ್ಲಿ ಕಲ್ಲು ಕರಗುತ್ತದೆ. ಕಾದ ನೀರು ತಾಮ್ರ, ಚಿನ್ನಗಳನ್ನು ಹೊತ್ತು ಬಿರುಕುಗಳಲ್ಲಿ ಮೇಲೇರಿ, ತಣ್ಣಗಾದಲ್ಲಿ ಇಳಿಸಿಹೋಗುತ್ತದೆ. ಬಿರುಕು ಇದ್ದಲ್ಲೇ ಸಂಪತ್ತು! ನಮ್ಮ ಸೀಮೆ ಫಲಕದ ನಡುವೆ ತೆಪ್ಪಗೆ ಕೂತಿದೆ, ಹಳೆಯ ಸಮುದ್ರ ಬಿಟ್ಟುಹೋದ ಸುಣ್ಣದ ಕಲ್ಲೇ ನಮ್ಮ ಪಾಲಿಗೆ ಬಂದದ್ದು ಎಂಬುದನ್ನು ಮಾತ್ರ ನಾನು ಹೇಳುತ್ತಿರಲಿಲ್ಲ. ಹೇಳಿದರೆ ಪಾಠದ ಕಳೆಯೇ ಹೋಗುತ್ತಿತ್ತು.

ಮೊನ್ನೆ ಶೋಭಾಳ ಮೂಗುಬೊಟ್ಟು ಕಳೆಯಿತು. ರಬಕವಿಯಲ್ಲಿ ಅವಳ ತಾಯಿ ಮಗ್ಗದ ಮುಂದೆ ಕೂತು ಸೀರೆ ನೇಯ್ದ ದುಡ್ಡಿನಲ್ಲಿ ಮಾಡಿಸಿಕೊಟ್ಟದ್ದು. ಆ ತಾಯಿ ಈಗಿಲ್ಲ. ಬರಿ ಮೂಗು ಮುಟ್ಟಿಕೊಂಡು ಅವಳು ಅತ್ತಳು. ಸುಮ್ಮನೆ ಸಮಾಧಾನ ಹೇಳಿದ್ದರೆ ಸಾಕಿತ್ತು. ನಾನು, “ಅದು ಪರಸಿ ಸಂದ್ಯಾಗ ಐತಿ, ಶಾಸ್ತ್ರಾನ ಹೇಳತೈತಿ” ಎಂದು ಹಾರೆ ಹಿಡಿದು ಅಡುಗೆಮನೆಯ ನೆಲವನ್ನೆಲ್ಲ ಕಿತ್ತೆ. ಸಿಕ್ಕಿದ್ದು ಸಾಸಿವೆ, ತುಕ್ಕು ಹಿಡಿದ ಸೂಜಿ ಮತ್ತು ಇರುವೆಗಳ ದೊಡ್ಡ ಸಂಸಾರ.

ಶೋಭಾ ಕಣ್ಣೊರೆಸಿಕೊಂಡು ಕೇಳಿದಳು: “ಅಲ್ರಿ, ನಿಮ್ಮ ಚಿನ್ನ ಕೆಳಗಿಂದ ಮ್ಯಾಲ ಬರತೈತಿ. ನಂದು ಮ್ಯಾಲಿಂದ ಕೆಳಗ ಬಿದ್ದೈತಿ. ಎರಡೂ ಒಂದ ಏನ್ರಿ?”

ಇಪ್ಪತ್ತು ವರ್ಷದ ನೌಕರಿಯಲ್ಲಿ ಯಾವ ಇನ್ಸ್‌ಪೆಕ್ಟರೂ ನನ್ನನ್ನು ಹೀಗೆ ಕೇಳಿರಲಿಲ್ಲ. ಗೌಂಡಿ ಬರುವವರೆಗೆ ಒಲೆ ಹೊತ್ತಿಸುವಂತಿರಲಿಲ್ಲ, ಬುಟ್ಟಿಯಲ್ಲಿದ್ದ ಖಡಕ್ ರೊಟ್ಟಿಯೇ ಗತಿಯಾಯಿತು. ಶೇಂಗಾ ಚಟ್ನಿ ಹಚ್ಚಿಕೊಂಡು ಕಡಿದೆ. ಕಟ್ಟೆಂದಿತು. ರೊಟ್ಟಿ ಬಡಿಯುವಾಗ ಹಿಟ್ಟಿಗೆ ಜಾರಿದ್ದ ಮೂಗುಬೊಟ್ಟು ಕೈಗೆ ಬಂತು, ಜತೆಗೆ ನನ್ನ ದವಡೆ ಹಲ್ಲಿನ ಅರ್ಧವೂ ಬಂತು. ಶೋಭಾ ಬೊಟ್ಟನ್ನು ಕಣ್ಣಿಗೊತ್ತಿಕೊಂಡು ನಕ್ಕಳು, ಅತ್ತಳು. ಆ ಗಳಿಗೆ ಹಲ್ಲು ಹೋದದ್ದು ನನಗೆ ದೊಡ್ಡದೆನಿಸಲಿಲ್ಲ, ಖರೆ ಹೇಳುತ್ತೇನೆ.

ಮರುದಿನ ಸಾಲೆಯಲ್ಲಿ ಖನಿಜಗಳ ಪಾಠವಿತ್ತು. ಬಾತ ಕೆನ್ನೆಯಿಂದ ಒಂದು ಮಾತೂ ಹೊರಡದೆ, ಬೋರ್ಡಿನ ಮೇಲೆ ಬರೀ ಚಿತ್ರ ಬರೆದು ಕೂತೆ. ಗಂಟೆ ಬಾರಿಸಿದಾಗ ಮುಂದಿನ ಬೆಂಚಿನ ಹುಡುಗಿ ಎದ್ದುನಿಂತು ಹೇಳಿದಳು: “ಸರ್, ಇವತ್ತ ಭಾಳ ಛಲೋ ತಿಳೀತ್ರಿ.”