ಹ್ಯಾಬಿಲಿಮೆಂಟ್ಸ್ ಹೊಲಿಯುವ ಒಬ್ಬನೇ ಟೇಲರ್

ನಂಬೂದಿಲ್ಲ ಅಂದ್ರ ಹಾರೂಗೇರಿ ಬಸ್ ಸ್ಟ್ಯಾಂಡಿನ ಎದುರು ಬಂದು ನನ್ನ ಅಂಗಡಿ ಬೋರ್ಡ್ ಓದಿಕೊಂಡು ಹೋಗ್ರಿ. ಇಡೀ ರಾಯಬಾಗ ತಾಲೂಕಿನಾಗ ‘ಹ್ಯಾಬಿಲಿಮೆಂಟ್ಸ್’ ಅಂತ ಬರೆಸಿದ ಟೇಲರ್ ನಾನೊಬ್ಬನೇ. ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷ್ ನನ್ನನ್ನು ಎರಡು ಸಲ ಕೆಡವಿತ್ತು, ಖರೆ. ಮೂರನೇ ಸಲ ನಾನು ಅದನ್ನು ಕೆಡವಿದೆ.

ಆ ಶಬ್ದ ಬೇಕಾದದ್ದು ಅಥಣಿಯ ಒಂದು ಕನ್ಯಾದ ಸಲುವಾಗಿ. ಹೈಸ್ಕೂಲಿನಲ್ಲಿ ಇಂಗ್ಲಿಷ್ ಟೀಚರ್. “ಹುಡುಗಗ ನಾಕು ಇಂಗ್ಲಿಷ್ ಶಬ್ದಾರ ಬರಬೇಕು” ಅಂದಿದ್ದಳಂತೆ. ಮುಗಳಖೋಡದ ರಿಟೈರ್ಡ್ ಮಾಸ್ತರರ ಹಳೇ ಡಿಕ್ಷನರಿ ತಂದು, ಬಟ್ಟೆಯ ಶಬ್ದಗಳಲ್ಲಿ ಎಲ್ಲಕ್ಕಿಂತ ಉದ್ದದ್ದನ್ನು ಆರಿಸಿದೆ. ಅದನ್ನು ಹೇಳಿ ಮುಗಿಸುವುದರೊಳಗೆ ನಾನು ಒಂದು ಗುಂಡಿ ಹಚ್ಚಿರುತ್ತೇನೆ. ಅರ್ಥ: ಮಾಡುವ ಕೆಲಸಕ್ಕೆ, ಸಂದರ್ಭಕ್ಕೆ ತಕ್ಕ ಉಡುಪು. ನಾಲ್ಕು ಶಬ್ದ ಯಾಕೆ, ನಾಲ್ಕರ ತೂಕದ್ದು ಒಂದೇ ಸಾಕು!

ಬೋರ್ಡ್ ಏರಿದ ದಿನದಿಂದ ಒಂದಿಲ್ಲೊಂದು ನಡೆಯುತ್ತಲೇ ಐತಿ.

ಎತ್ತಿನ ಅಳತಿ

ಮೊದಲ ಗಿರಾಕಿ ಚಿಂಚಲಿ ಕಡೆಯ ಕಬ್ಬಿನ ರೈತ.

“ಏನ್ ಬರಸೀದಿಲೇ ತಮ್ಮಾ, ಬೋರ್ಡಿನ್ಯಾಗ?”

“ದುಡಿಯೋರಿಗೆ ತಕ್ಕ ಬಟ್ಟಿ ಅಂತ ಅರ್ಥರಿ ಕಾಕಾ.”

“ಹೌದಾ?” ಅಂದು ಹೊರಗೆ ಹೋದ. ನಾನು ಟೇಪು ಕೊರಳಿಗೆ ಹಾಕಿಕೊಂಡು ಕಾದೆ. ಎತ್ತು ಹಿಡಿದುಕೊಂಡು ಬಂದ.

“ತಗೋ ಅಳತಿ.”

“ನಿಮಗಲ್ಲೇನ್ರಿ?”

“ನಾ ಎಲ್ಲಿ ದುಡೀತೀನೋ? ದುಡಿಯೂದು ಇದು. ನಾ ಬದುವಿನ ಮ್ಯಾಲ ಕುಂದ್ರಾಂವ.”

ಬೆನ್ನ ಮೇಲೆ ಹೊದಿಸುವ ಜೂಲಾ ಹೊಲಿದೆ, ಕನ್ನಡಿ ಹಚ್ಚಿ, ಗೊಂಡೆ ಕಟ್ಟಿ. ನನ್ನ ಫಿಟಿಂಗ್ ಅಂದ್ರ ಫಿಟಿಂಗ್. ಮೂರನೇ ದಿನ ರೈತ ಎತ್ತು ಹಿಡಿದುಕೊಂಡೇ ತಿರುಗಿ ಬಂದ.

“ತಮ್ಮಾ, ಅದರ ಜೂಲಾ ಬಿಚ್ಚಿ ನೀನ ಇಟ್ಕೋ. ಎತ್ತು ಸಾಹೇಬ ಆಗೇತಿ, ನೇಗಿಲಿಗೆ ಬರವಲ್ದು.”

ಕಾಲು ತೊಳೆಸಿಕೊಂಡವನು

ನಿಪ್ಪಾಣಿ ಕಡೆಯ ಬ್ಯಾಂಡಿನವರಿಗೆ ಕೆಂಪು ಕೋಟು ಹೊಲಿದುಕೊಟ್ಟೆ. ಭುಜಕ್ಕೆ ಜರಿ, ಎದೆಗೆ ಎರಡು ಸಾಲು ಹಿತ್ತಾಳಿ ಗುಂಡಿ. ಅದನ್ನು ತೊಟ್ಟು ಅವರು ಕಾಗವಾಡದ ಒಂದು ಲಗ್ನಕ್ಕೆ ಹೋದರು. ಹೆಣ್ಣಿನ ಕಡೆಯವರು ಕ್ಲಾರಿನೆಟ್ ಊದುವವನನ್ನೇ ವರ ಅಂತ ತಿಳಿದು ಕಾಲು ತೊಳೆದು, ಕುಂಕುಮ ಹಚ್ಚಿ, ಮಂಟಪದ ತನಕ ಕರೆದೊಯ್ದರಂತೆ. ಬಿಳಿ ಅಂಗಿಯ ಖರೆ ವರನ ಕೊರಳಿಗೆ ಯಾರೋ ಡೋಲು ಹಾಕಿ, “ಸುಮ್ನ ಯಾಕ ನಿಂತೀಲೇ, ಬಾರ್ಸು” ಅಂದರಂತೆ.

ಕ್ಲಾರಿನೆಟ್ಟಿನವನನ್ನು ಕೇಳಿದೆ: “ನಾ ವರ ಅಲ್ಲ ಅಂತ ಯಾಕ ಹೇಳಲಿಲ್ಲೋ?”

“ಹ್ಯಾಂಗ ಹೇಳ್ಲಿ ಮಾಲಕ್ರ? ಬಾಯಾಗ ಕ್ಲಾರಿನೆಟ್ ಇತ್ತು. ಹಾಡು ಅರ್ಧಕ್ಕ ಬಿಟ್ರ ನಮ್ಮ ಬ್ಯಾಂಡ್ ಮಾಸ್ತರ್ ಬೈತಾರ.”

ಕೋಟು ತಗೀರಿ

ಇಷ್ಟು ಹೆಸರಾದ ಮೇಲೆ ನಮ್ಮ ಕಾಕಾನನ್ನು ಕರೆದುಕೊಂಡು ಅಥಣಿಗೆ ಕನ್ಯಾ ನೋಡಲು ಹೋದೆ. ನಾನೇ ಹೊಲಿದ ಕೋಟು, ಟೈ. ಮೇ ತಿಂಗಳು. ಚಹಾ ಬಂತು, ಹುಡುಗಿ ಬಂದಳು. ನಾನು ತಡಮಾಡಲಿಲ್ಲ. “ಇವು ನನ್ನ ಹ್ಯಾಬಿಲಿಮೆಂಟ್ಸ್” ಅಂದೆ. ಕಾಕಾ ಹೆಮ್ಮೆಯಿಂದ ಮೀಸೆ ತಿರುವಿದ.

ಹುಡುಗಿ ನಕ್ಕಳು. “ಅದು ಭಾಳ ಹಳೇ ಶಬ್ದರಿ. ಈಗ ಯಾರರ ಅಂದ್ರೂ ನಗಸಾಕ ಅಂತಾರ.”

“ನೀವು ನಕ್ಕಿರಲ್ಲ!”

“ಅರ್ಥ ಗೊತ್ತೈತೇನ್ರಿ?”

“ಸಂದರ್ಭಕ್ಕ ತಕ್ಕ ಉಡುಪು.”

“ಇಂಥಾ ಬಿಸಲಾಗ ಕೋಟು ಯಾವ ಸಂದರ್ಭಕ್ಕರಿ?”

“ಕನ್ಯಾ ನೋಡೋ ಸಂದರ್ಭಕ್ಕ.”

“ನೋಡಿದ್ದಾತಲ್ಲ, ತಗೀರಿ. ಬೆವರು ಇಳ್ಯಾಕತ್ತೇತಿ.”

“ಇರ್ಲಿ ಬಿಡ್ರಿ” ಅಂದೆ. ಅವರಪ್ಪ ಬಿಡಲಿಲ್ಲ. “ನಾಚಕೋಬ್ಯಾಡ್ರಿ, ನಮ್ಮನಿ ನಿಮ್ಮನಿ ಇದ್ದಂಗ” ಅಂತ ಹಿಂದಿನಿಂದ ಬಂದು, ಪ್ರೀತಿಯಿಂದ ಕೋಟು ಎಳೆದೇಬಿಟ್ಟ.

ಈಗ ಟೇಲರನ ಗುಟ್ಟು ಹೇಳಲೇಬೇಕು. ಕೋಟಿನೊಳಗೆ ಯಾರು ನೋಡುತ್ತಾರೆ ಅಂತ ನಾನು ಪೂರ್ತಿ ಅಂಗಿ ಹೊಲಿದಿರಲಿಲ್ಲ. ಕೊರಳಿಗೊಂದು ಕಾಲರ್, ಎದೆಗೊಂದು ಪಟ್ಟಿ, ಮುಂಗೈಗೆ ಎರಡು ಕಫ್. ಉಳಿದದ್ದು ಬನಿಯನ್, ಅದಕ್ಕೂ ಬೆನ್ನಲ್ಲಿ ಎರಡು ತೂತು.

ಹುಡುಗಿಯ ಅಜ್ಜಿ ಕಣ್ಣು ಕಿರಿದು ಮಾಡಿ ನೋಡಿದಳು. “ಯವ್ವಾ, ಪಾಪ, ಅರಿವಿ ಸಾಲಲಿಲ್ಲೇನೋ ಹುಡುಗಗ?”

ಹುಡುಗಿ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದಳು. ಒಳಗಿನಿಂದ ನಗು ಬಂತು, ಆಮೇಲೆ ಗುಸುಗುಸು, ಆಮೇಲೆ ಅವರಪ್ಪ ಒಂದು ತಾಟು ಹಿಡಿದು ಬಂದ. ನಮ್ಮ ಕಡೆ, ಅಳಿಯ ಅಂತ ಒಪ್ಪಿದವನಿಗೆ ಪೂರ್ತಿ ಡ್ರೆಸ್ ಕೊಡುತ್ತಾರೆ. ಸುಮ್ಮನೆ ಬಂದು ಹೋಗುವವರಿಗೆ ಟಾವೆಲ್, ಟೋಪಿ.

ನನಗೆ ಕೊಟ್ಟದ್ದು ಒಂದು ಟಾವೆಲ್, ಒಂದು ಟೋಪಿ.