ಹದಿಮೂರು ಹೊಲಿಗೆ

ಅಂಗಡಿಯಲ್ಲಿ ಉರುಳಿಬಿದ್ದಿದ್ದ ನೂಲಿನ ರೀಲಿನ ಮೇಲೆ ಕಾಲಿಟ್ಟು ಟೈಲರಣ್ಣ ಪಾದದ ಕೀಲು ಮುರಿದುಕೊಂಡ. ಡಾಕ್ಟರು ಒಳಗೆ ಪ್ಲೇಟು ಕೂರಿಸಿ, ಸ್ಕ್ರೂ ಬಿಗಿದು, ಮೇಲೆ ಹದಿಮೂರು ಹೊಲಿಗೆ ಹಾಕಿದರು. ಮನೆಗೆ ಕಳಿಸುವಾಗ ಹೇಳಿದ್ದು ಒಂದೇ ಮಾತು: ಗಾಯವನ್ನು ಯಾರೂ ಮುಟ್ಟಬಾರದು, ಸೋಂಕು ತಗುಲಿದರೆ ಮತ್ತೆ ಕೊಯ್ದು ಪ್ಲೇಟು ತೆಗೆಯಬೇಕಾದೀತು.

ಅಂದಿಗೆ ಹದಿನಾಲ್ಕನೆಯ ದಿನ. ಗಾಯ ಒಣಗಿದ್ದರೆ ಸಂಜೆ ನಾಲ್ಕಕ್ಕೆ ಹೊಲಿಗೆ ಬಿಚ್ಚುತ್ತಾರೆ. ಅಲ್ಲಿಯವರೆಗೆ ಕಾಲನ್ನು ಬೀದಿಯವರಿಂದ ಉಳಿಸಿಕೊಳ್ಳಬೇಕಿತ್ತು.

ಬೆಳಿಗ್ಗೆಯೇ ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಬಂದು, ಒಳಗೆ ಹೇಗಿದೆ ನೋಡೋಣ ಎಂದು ಊರುಗೋಲಿನ ತುದಿಯಿಂದ ಬ್ಯಾಂಡೇಜು ಎತ್ತಲು ಹೊರಟರು. ಅವರ ಹಿಂದೆಯೇ ಮಹಡಿ ಮನೆಯ ಅಜ್ಜಿ ಒಂದು ಮುಲಾಮು ತಂದರು. ಅದರ ಮುಚ್ಚಳ ಕೊನೆಯ ಸಲ ತೆರೆದದ್ದು ಯಾವ ಕಾಲದಲ್ಲೋ, ತಿರುಗಿಸಲು ಇಬ್ಬರು ಬೇಕಾಯಿತು. ಮಧ್ಯಾಹ್ನ ಇಸ್ತ್ರಿಯವನು ಬಂದು ಸ್ವಲ್ಪ ಬಿಸಿ ಕೊಡಲೇ ಎಂದು ಪ್ರೀತಿಯಿಂದಲೇ ಕೇಳಿದ.

ಮೂವತ್ತು ವರ್ಷದಲ್ಲಿ ಯಾವ ಗಿರಾಕಿಗೂ ಆಗುವುದಿಲ್ಲ ಎನ್ನದ ಟೈಲರಣ್ಣ ಅಂದು ಅಳತೆ ಕಡ್ಡಿಯನ್ನು ಮಂಚಕ್ಕೆ ಅಡ್ಡಲಾಗಿ ಹಿಡಿದು ಕೂತ.

"ಈ ಕಡ್ಡಿ ದಾಟಿದವರ ಬಟ್ಟೆ ನಾನಿನ್ನು ಹೊಲಿಯಲ್ಲ."

ಯಾರೂ ದಾಟಲಿಲ್ಲ. ನಿಜಕ್ಕೂ ಮೆಚ್ಚಬೇಕಾದ ಕಾವಲು. ಆದರೆ ಆಸ್ಪತ್ರೆಗೆ ಹೊರಟಾಗ ಅವನ ಹೆಂಡತಿಯ ಜೊತೆ ಮೇಷ್ಟ್ರೂ ಅಜ್ಜಿಯೂ ಆಟೋ ಹತ್ತಿಬಿಟ್ಟರು.

ನರ್ಸಮ್ಮ ಬ್ಯಾಂಡೇಜು ಬಿಚ್ಚಿದರು. ಕೆಂಪಿಲ್ಲ, ಊತವಿಲ್ಲ, ಕೀವಿಲ್ಲ. "ಇಷ್ಟು ಚೆನ್ನಾಗಿ ಗಾಯ ನೋಡ್ಕೊಂಡವರು ಅಪರೂಪ," ಎಂದರು. ಅಜ್ಜಿಗೆ ಕಣ್ಣು ತುಂಬಿ ಬಂತು. ನರ್ಸಮ್ಮ ಕತ್ತರಿ ತರಲು ಅತ್ತ ತಿರುಗಿದರು.

ಟೈಲರಣ್ಣ ಆ ಹೊಲಿಗೆಗಳನ್ನು ಕಂಡದ್ದು ಅದೇ ಮೊದಲು. ಒಂದೇ ಅಂತರ, ಒಂದೇ ಬಿಗಿ, ಎಲ್ಲೂ ಸುಕ್ಕಿಲ್ಲ. ಬೇರೆಯವರ ಹೊಲಿಗೆಯಲ್ಲಿ ತಪ್ಪು ಹುಡುಕಿಯೇ ಬದುಕಿದವನ ಎದೆ ತುಂಬಿಬಂತು. ಏಳನೆಯ ಗಂಟಿನ ದಾರದ ತುದಿ ಮಾತ್ರ ಒಂಚೂರು ಎದ್ದು ನಿಂತಿತ್ತು. ಮೂವತ್ತು ವರ್ಷ ಪಳಗಿದ ಕೈ ಯಾರನ್ನೂ ಕೇಳಲಿಲ್ಲ. ಬೆರಳು ನಾಲಿಗೆಗೆ ಹೋಯಿತು, ಒದ್ದೆಯಾಯಿತು, ಸೀದಾ ಬಂದು ಏಳನೆಯ ಗಂಟಿನ ದಾರವನ್ನು ನೀವಿ ಕೂರಿಸಿತು.

ಕತ್ತರಿ ಹಿಡಿದು ತಿರುಗಿದ ನರ್ಸಮ್ಮ ಅದನ್ನು ನೋಡಿ ಕತ್ತರಿಯನ್ನು ಮತ್ತೆ ಟ್ರೇಯಲ್ಲಿಟ್ಟರು. ಗಾಯ ತೊಳೆದು, ಹೊಸ ಬ್ಯಾಂಡೇಜು ಸುತ್ತಿ, ಡಾಕ್ಟರನ್ನು ಕೇಳಿ ಬಂದರು.

"ಇವತ್ತು ಹೊಲಿಗೆ ತೆಗೆಯೋದಿಲ್ಲ. ಒಂದು ವಾರ ಇಲ್ಲೇ ಇರಿ. ಬೇರೆಯವರನ್ನ ನೀವು ತಡೀತೀರಿ, ನಿಮ್ಮನ್ನ ನಾವು ತಡೀಬೇಕು."

ಗಾಲಿಕುರ್ಚಿ ವಾರ್ಡಿನ ಕಡೆ ಹೊರಟಿತು. ಮೇಷ್ಟ್ರು, ಅಜ್ಜಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹೆಂಡತಿ ಅವನ ಚಪ್ಪಲಿ ಎತ್ತಿಕೊಂಡು ಕುರ್ಚಿಯ ಪಕ್ಕದಲ್ಲೇ ನಡೆದಳು. ಟೈಲರಣ್ಣ ಅವಳಿಗೆ ಮೆಲ್ಲಗೆ ಹೇಳಿದ:

"ಏನೇ ಹೇಳು, ಡಾಕ್ಟ್ರ ಕೈ ನನ್ನ ಕೈಗಿಂತ ಚೆನ್ನಾಗಿದೆ ಕಣೇ."