ಬಕೆಟ್ಟಣ್ಣ ಮೈಮೇಲೆ ಹಾಕಿಕೊಂಡದ್ದು

ಬೆಳಿಗ್ಗೆ ಪ್ರಯೋಗಾಲಯದ ಬಾಗಿಲು ತೆಗೆದ ಬಕೆಟ್ಟಣ್ಣನಿಗೆ ಡಾಕ್ಟರ ಮೇಜಿನ ಕೆಳಗೆ ಒದ್ದೆ ಕಾಣಿಸಿತು. ಪಕ್ಕದಲ್ಲೇ ಮುದಿ ನಾಯಿ ತನಗೇನೂ ಗೊತ್ತಿಲ್ಲವೆಂಬ ಮುಖ ಮಾಡಿಕೊಂಡು ಮಲಗಿತ್ತು.

ಅದು ಸಾಮಾನ್ಯ ನಾಯಿಯಲ್ಲ. ಅದರದೇ ಕರುಳಿನ ತುಂಡಿನಿಂದ ಡಾಕ್ಟರು ಅದಕ್ಕೆ ಹೊಸ ಮೂತ್ರಕೋಶ ಹೊಲಿದು ಐದು ವರ್ಷವಾಗಿತ್ತು. ಇಷ್ಟು ಕಾಲ ಕಳೆದ ಮೇಲೂ ಅದು ಸೋರದೆ ನಿಲ್ಲುತ್ತದೆಯೇ ಎಂದು ನೋಡುವುದೇ ಪ್ರಯೋಗ. ಸೋರಿದರೆ ಪ್ರಯೋಗ ಕೆಟ್ಟಿತು, ನಾಯಿ ನೋಡಿಕೊಳ್ಳುವ ಬಕೆಟ್ಟಣ್ಣನ ಕೆಲಸಕ್ಕೂ ಸಂಚಕಾರ. ಅವನು ದಡಬಡ ಒರೆಸಿ, ಅರ್ಧ ಬಾಟಲಿ ಫಿನಾಯಿಲ್ ಸುರಿದ.

ಎಡವಟ್ಟಾದದ್ದೇ ಅಲ್ಲಿ. ಅವನ ಕೈಯಲ್ಲಿ ಆ ಕೋಣೆ ಎಂದೂ ಫಿನಾಯಿಲ್ ಕಂಡಿರಲಿಲ್ಲ. ಗುಡಿಸುವ ಅಕ್ಕ ಬಾಗಿಲಲ್ಲೇ ಮೂಗು ಅರಳಿಸಿ ನಿಂತಳು. ಇವನೇನೋ ಮುಚ್ಚಿಡುತ್ತಿದ್ದಾನೆ ಎಂದು ವಾಚ್‌ಮನ್ನನ ಕಿವಿಯಲ್ಲಿ ಊದಿದಳು. ಇವನು ಕದ್ದು ಕುಡಿಯುತ್ತಾನೆಂದೇ ತೀರ್ಮಾನಿಸಿದ ವಾಚ್‌ಮನ್ ಬೀರುವಿನ ಹಿಂದೆಲ್ಲ ಬಾಟಲಿ ಹುಡುಕತೊಡಗಿದ. ಸಿಕ್ಕಿದ್ದು ಇನ್ನೊಂದು ಒದ್ದೆ.

ಕುಡಿಯುವ ನೀರು ಚೆಲ್ಲಿತು ಎಂದ ಬಕೆಟ್ಟಣ್ಣ. ಅಕ್ಕ ಬಗ್ಗಿ ಮೂಸಿ ನೋಡಿ, ಇಂಥ ನೀರು ಯಾರು ಕುಡಿಯುತ್ತಾರೆ ಎಂದಳು. ಹಾಗಾದರೆ ಚಾವಣಿ ಸೋರಿರಬೇಕು ಎಂದ. ಮೇಲೆ ಇನ್ನೂ ಎರಡು ಮಹಡಿ ಇದ್ದವು, ಹೊರಗೆ ಸುಡುಬಿಸಿಲು.

ಅಷ್ಟರಲ್ಲಿ ಡಾಕ್ಟರು ಬಂದರು. ಅವರ ಕಣ್ಣು ಒದ್ದೆಯಿಂದ ಮೆಲ್ಲಗೆ ನಾಯಿಯತ್ತ ಹೊರಳಿತು. ಬಕೆಟ್ಟಣ್ಣ ನಾಯಿಗೆ ಅಡ್ಡ ನಿಂತ.

"ನಾಯೀದಲ್ಲ ಸರ್, ಅದು ನಂದು," ಎಂದುಬಿಟ್ಟ. "ಸ್ವಲ್ಪ ದಿನದಿಂದ ತಡ್ಕೊಳ್ಳೋಕೆ ಆಗ್ತಿಲ್ಲ."

ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ವಾಚ್‌ಮನ್ ಎರಡು ಹೆಜ್ಜೆ ಹಿಂದೆ ಸರಿದ. ಮಾನ ಮೂರು ಕಾಸಿಗೆ ಹರಾಜಾದರೂ ಕೆಲಸವಂತೂ ಉಳಿಯಿತಲ್ಲ ಎಂದು ಬಕೆಟ್ಟಣ್ಣ ಸಮಾಧಾನಪಟ್ಟುಕೊಂಡ.

ಡಾಕ್ಟರು ಅವನ ಹೆಗಲ ಮೇಲೆ ಕೈ ಇಟ್ಟರು. "ಐದು ವರ್ಷ ಆದ್ರೂ ನಾಯೀದು ಒಂದು ಹನಿ ಸೋರಿಲ್ಲ. ಪ್ರಯೋಗ ಗೆದ್ದಿತು ಕಣಯ್ಯ, ಇವತ್ತಿಗೆ ಮುಗಿಸೋಣ. ಇನ್ನು ಮನುಷ್ಯರಿಗೆ ಮಾಡಬೇಕು, ಯಾರು ಒಪ್ತಾರೋ ಅಂತ ಯೋಚಿಸ್ತಿದ್ದೆ. ನೀನೇ ಸಿಕ್ಕಿದೆ."

ಪ್ರಯೋಗವೇ ಮುಗಿದು ಬಕೆಟ್ಟಣ್ಣನ ಕೆಲಸ ಹೋದದ್ದಲ್ಲದೆ, ಸೋರುವ ಆ ಹೊಲಿಗೆ ಈಗ ಅವನ ಹೊಟ್ಟೆಗೇ ಬೀಳುವುದರಲ್ಲಿತ್ತು. ಅವನು ಎರಡೂ ಕೈ ಜೋಡಿಸಿದ.

"ಸುಳ್ಳು ಹೇಳ್ದೆ ಸರ್. ನಿಜವಾಗ್ಲೂ ಅದು ನಾಯೀದೇ."

ಡಾಕ್ಟರು ಅವನನ್ನು ಮೇಲಿಂದ ಕೆಳಗೆ ನೋಡಿ, ಅಕ್ಕನ ಕಡೆ ತಿರುಗಿದರು.

"ಈ ಕಾಯಿಲೆಯವರೆಲ್ಲ ಹೀಗೇ ಕಣಮ್ಮ. ನಾಚಿಕೆಗೆ ಬೇರೆಯವರ ಮೇಲೆ ಹಾಕ್ತಾರೆ. ಇವನ ಹೆಂಡತಿಗೆ ಹೇಳಿ ಕಳಿಸು, ನಾಳೆ ಬೆಳಿಗ್ಗೆ ಹೊಟ್ಟೆಗೇನೂ ಕೊಡಬಾರದು ಅಂತ."